ರಾಜನನ್ನೇ ಗೇಲಿ ಮಾಡಿದವರನ್ನು ಬ್ರಿಟಿಷ್ ಸರ್ಕಾರ ಯಾಕೆ ತಡೆಯಲಿಲ್ಲ?

ನೀವು ಕೇಳಿದ್ದು: 18ನೇ ಶತಮಾನದ ಲಂಡನ್ನಿನಲ್ಲಿ ರಾಜ, ಮಂತ್ರಿ ಎನ್ನದೆ ಎಲ್ಲರ ವ್ಯಂಗ್ಯಚಿತ್ರಗಳೂ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು, ಸರ್ಕಾರ ಸುಮ್ಮನಿತ್ತಾ?

ಅದು ಸರ್ಕಾರದ ದೊಡ್ಡತನ ಅಲ್ಲ. ತಡೆಯುವುದು ಕಷ್ಟವಾಗಿತ್ತು. ಅಚ್ಚು ಹಾಕುವ ಮುಂಚೆ ಅನುಮತಿ ಪಡೆಯಬೇಕೆಂಬ ಕಾನೂನು 1695ರಲ್ಲೇ ಬಿದ್ದುಹೋಗಿತ್ತು. ಆಮೇಲೆ ಕೇಸು ಹಾಕಬಹುದಿತ್ತು, ನಿಜ. ಆದರೆ ಚಿತ್ರದ ಮೇಲೆ ಕೇಸು ಹಾಕಿದರೆ, 'ಈ ಊದಿಕೊಂಡ ಹೊಟ್ಟೆಬಾಕ ನಮ್ಮ ಯುವರಾಜರೇ' ಎಂದು ತುಂಬಿದ ಕೋರ್ಟಿನಲ್ಲಿ ಸರ್ಕಾರಿ ವಕೀಲರೇ ಹೇಳಬೇಕು! ಯಾರಿಗೆ ಬೇಕು ಆ ಮರ್ಯಾದೆ?

ಹಾಗಾಗಿ ಹೆದರಿಸುವುದಕ್ಕಿಂತ ದುಡ್ಡು ಕೊಟ್ಟು ತಮ್ಮ ಕಡೆ ಸೆಳೆದುಕೊಳ್ಳುವುದೇ ಜಾಸ್ತಿ ನಡೆಯಿತು. 1783ರಲ್ಲಿ ಆಗಿನ ಮಂತ್ರಿ ಚಾರ್ಲ್ಸ್ ಫಾಕ್ಸ್ ಈಸ್ಟ್ ಇಂಡಿಯಾ ಕಂಪನಿಯನ್ನು ಹಿಡಿತಕ್ಕೆ ತರುವ ಮಸೂದೆ ತಂದಾಗ, ವ್ಯಂಗ್ಯಚಿತ್ರಕಾರ ಜೇಮ್ಸ್ ಸೇಯರ್ಸ್ ಅವನನ್ನು ಸುಲ್ತಾನನಂತೆ ಆನೆ ಏರಿದ 'ಕಾರ್ಲೋ ಖಾನ್' ಮಾಡಿ ಬರೆದ. ಮಸೂದೆ ಬಿತ್ತು, ಫಾಕ್ಸ್‌ನ ಎದುರಾಳಿ ಪಿಟ್ ಪ್ರಧಾನಿಯಾದ, ಸೇಯರ್ಸ್‌ಗೆ ಕೆಲಸವಿಲ್ಲದ ಒಂದು ಸರ್ಕಾರಿ ಹುದ್ದೆ ಸಿಕ್ಕಿತು. ಎಲ್ಲರಿಗಿಂತ ದೊಡ್ಡ ಕಲಾವಿದ ಜೇಮ್ಸ್ ಗಿಲ್‌ರೇ. ಅವನನ್ನು 1796ರಲ್ಲಿ ಒಂದು ಚಿತ್ರಕ್ಕಾಗಿ ಬಂಧಿಸಿದರು. ಮರುವರ್ಷ ಅದೇ ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಟ್ಟಿತು. ನನಗೆ ಗಿಲ್‌ರೇ ತುಂಬಾ ಇಷ್ಟ. ಆದರೂ ಆಮೇಲಿನ ಅವನ ಚಿತ್ರಗಳನ್ನು ನೋಡುವಾಗ ಈ ಪಿಂಚಣಿ ನೆನಪಿರಬೇಕು.

ಮಾರಾಟ ಹೀಗಿತ್ತು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಅದ್ದುತ್ತಿದ್ದರು. ಅಚ್ಚಾದ ಹಾಳೆಗೆ ಕೈಯಲ್ಲೇ ಬಣ್ಣ. ಬೆಲೆ ಒಂದೆರಡು ಶಿಲಿಂಗ್, ಕೂಲಿಯವರಿಗೆ ದುಬಾರಿಯೇ. ಆದರೆ ಅಂಗಡಿಯ ಕಿಟಕಿಗೆ ಅಂಟಿಸಿದ್ದನ್ನು ಯಾರು ಬೇಕಾದರೂ ನಿಂತು ನೋಡಬಹುದಿತ್ತು. ಗಿಲ್‌ರೇ ಚಿತ್ರಗಳನ್ನು ಮಾರುತ್ತಿದ್ದವಳು ಹ್ಯಾನಾ ಹಂಫ್ರಿ ಎಂಬ ಗಟ್ಟಿಗಿತ್ತಿ. ಅವಳ ಅಂಗಡಿಯ ಮೇಲೇ ಅವನ ವಾಸ.

ಕನ್ನಡದವರು ನೋಡಲೇಬೇಕಾದ ಒಂದು ಚಿತ್ರ ಇದೆ. 1791ರ ಮೇ ತಿಂಗಳಲ್ಲಿ, ಟಿಪ್ಪು ವಿರುದ್ಧದ ಯುದ್ಧದಲ್ಲಿ, ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದಿದ್ದ. ಮಳೆ ಹಿಡಿಯಿತು. ಎತ್ತುಗಳು ಸತ್ತವು, ಆಹಾರ ಮುಗಿಯಿತು. ಭಾರಿ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಸುದ್ದಿ ಹಡಗಿನಲ್ಲಿ ಲಂಡನ್ ಸೇರಲು ತಿಂಗಳುಗಳೇ ಬೇಕು. ಡಿಸೆಂಬರಿನಲ್ಲಿ ಗಿಲ್‌ರೇ ಚಿತ್ರ ಬಂತು: ಕೋಟೆಯ ಮೇಲೆ ನಿಂತ ಟಿಪ್ಪು, ಓಡುತ್ತಿರುವ ಕಾರ್ನ್‌ವಾಲಿಸ್ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ. ಶೀರ್ಷಿಕೆಯಲ್ಲಿ ಅದಕ್ಕೆ ಮಾನ್ಸೂನ್ ಎಂದು ಹೆಸರು! ಯುದ್ಧ ಇನ್ನೂ ನಡೆಯುತ್ತಿತ್ತು. ತಮ್ಮದೇ ಗವರ್ನರ್ ಜನರಲ್‌ನನ್ನು ಲಂಡನ್ನಿನ ಮಧ್ಯದಲ್ಲಿ ಹೀಗೆ ತೋರಿಸಿದ್ದರು. ಇದನ್ನು ಟಿಪ್ಪುವಿನ ಮೇಲಿನ ಪ್ರೀತಿ ಎಂದುಕೊಳ್ಳಬೇಡಿ. ಏಟು ಇದ್ದದ್ದು ಯುದ್ಧ ನಡೆಸುತ್ತಿದ್ದವರಿಗೆ. ಮರುವರ್ಷದ ಇನ್ನೊಂದು ಚಿತ್ರದಲ್ಲಿ ಮಂತ್ರಿ ಡಂಡಾಸ್ ತಂದ ಟಿಪ್ಪು ಸೋಲಿನ ಸುದ್ದಿಗೆ ರಾಜ ಮೂರನೇ ಜಾರ್ಜ್ ಹಿಗ್ಗುತ್ತಾನೆ. ಅಲ್ಲಿ ಪೆದ್ದ ರಾಜನೇ.

ಶ್ರೀರಂಗಪಟ್ಟಣದ ಚಿತ್ರ ಬ್ರಿಟಿಷ್ ಮ್ಯೂಸಿಯಂ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಗಿಲ್‌ರೇ ಹೆಸರಿನ ಜೊತೆ ಸೆರಿಂಗಪಟಂ ಎಂದು ಇಂಗ್ಲಿಷಿನಲ್ಲಿ ಹುಡುಕಿ. ದೊಡ್ಡದು ಮಾಡಿ ನೋಡಿ, ಓಡುತ್ತಿರುವ ಸೈನಿಕರ ಮುಖಗಳನ್ನು ಬಿಡಬೇಡಿ.