ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾಳಿಕೆ ಬರುವ ಹೋಂ ಥಿಯೇಟರ್ ರಿಸೀವರ್

ಪ್ರಶ್ನೆ: ಮಾನ್ಯರೇ, ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ; ಸಮುದ್ರ ಹತ್ತಿರವೇ ಇದೆ. ಕೆಲವು ವರ್ಷಗಳ ಹಿಂದೆ ಕೊಂಡ 5.1 ರಿಸೀವರ್ (ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳ ಶಬ್ದವನ್ನು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ) ಮೇ ತಿಂಗಳಲ್ಲಿ ಗುಡುಗು ಜೋರಾಗಿದ್ದ ಒಂದು ರಾತ್ರಿಯ ನಂತರ ಟಿವಿಗೆ ಚಿತ್ರ ಕಳುಹಿಸುತ್ತಿಲ್ಲ, ಟಿವಿಯಿಂದ ಶಬ್ದವನ್ನೂ ತೆಗೆದುಕೊಳ್ಳುತ್ತಿಲ್ಲ. ಎಫ್‌ಎಂ ರೇಡಿಯೋ ಮಾತ್ರ ಮೊದಲಿನಂತೆಯೇ ಕೇಳುತ್ತದೆ. ಎಚ್‌ಡಿಎಂಐ ಬೋರ್ಡ್ ಹೋಗಿದೆ, ಅದನ್ನು ಬದಲಿಸುವುದಕ್ಕಿಂತ ಹೊಸದು ಕೊಳ್ಳುವುದೇ ವಾಸಿ ಎಂದು ರಿಪೇರಿಯವರು ಹೇಳಿದ್ದಾರೆ. ಯಾವ ಕಂಪನಿಯದು ನಂಬಿಕೆಗೆ ಅರ್ಹ? ಅಂಗಡಿಯವರು ಒಂಬತ್ತು ಚಾನೆಲ್‌ನದನ್ನೇ ತೆಗೆದುಕೊಳ್ಳಿ ಎಂದು ಒತ್ತಾಯಿಸುತ್ತಿದ್ದಾರೆ. — ನಿವೃತ್ತ ಬ್ಯಾಂಕ್ ನೌಕರರು, ಕಾರವಾರ

ಉತ್ತರ: ಕಂಪನಿಯ ಹೆಸರಿಗೆ ಬರುವ ಮೊದಲು ಹಳೆಯದು ಏಕೆ ಹೋಯಿತು ಎಂಬುದನ್ನು ನೋಡಬೇಕು, ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ರೇಡಿಯೋ ಸರಿಯಾಗಿ ಕೇಳುತ್ತಿದೆ ಎಂದರೆ ನಿಮ್ಮ ರಿಸೀವರಿನ ಟ್ರಾನ್ಸ್‌ಫಾರ್ಮರ್, ವಿದ್ಯುತ್ ಪೂರೈಕೆಯ ಭಾಗ, ಆಂಪ್ಲಿಫೈಯರ್ ಎಲ್ಲವೂ ಕ್ಷೇಮವಾಗಿವೆ. ಸತ್ತಿರುವುದು ಮೂರರಿಂದ ಐದು ವೋಲ್ಟ್‌ನಲ್ಲಿ ಕೆಲಸ ಮಾಡುವ ಎಚ್‌ಡಿಎಂಐ ಚಿಪ್ ಮಾತ್ರ. ಹೀಗಾದಾಗ ಸಿಡಿಲಿನ ಪೆಟ್ಟು ಪ್ಲಗ್ಗಿನಿಂದ ಬಂದಿರುವುದಕ್ಕಿಂತ ತಾರಸಿಯ ಮೇಲಿನ ಡಿಶ್‌ನ ಕೇಬಲ್ಲಿನಲ್ಲಿ ಇಳಿದು, ಸೆಟ್‌ಟಾಪ್ ಬಾಕ್ಸನ್ನು ದಾಟಿ, ಎಚ್‌ಡಿಎಂಐ ವೈರಿನ ಮೂಲಕ ರಿಸೀವರಿಗೆ ಬಂದಿರುವ ಸಾಧ್ಯತೆಯೇ ಹೆಚ್ಚು. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡುವ ಅಭ್ಯಾಸ ನಮ್ಮ ಜಿಲ್ಲೆಯ ಮನೆಮನೆಯಲ್ಲೂ ಇದೆ. ಆದರೆ ಡಿಶ್ ಕೇಬಲ್ಲನ್ನು ಬಿಚ್ಚುವವರು ಕಡಿಮೆ. ಪ್ಲಗ್ ಕಿತ್ತರೂ ಆ ಒಂದು ದಾರಿ ತೆರೆದೇ ಇರುತ್ತದೆ. ಫೈಬರ್ ಇಂಟರ್‌ನೆಟ್ಟಿನ ಗಾಜಿನ ಎಳೆಯಲ್ಲಿ ಈ ಭಯವಿಲ್ಲ, ಹಳೆಯ ತಾಮ್ರದ ಟೆಲಿಫೋನ್ ತಂತಿಯಲ್ಲಿ ಇದೆ.

ಎರಡನೆಯದು ಅರ್ಥಿಂಗ್. ಕರಾವಳಿಯ ಚಿರೆಕಲ್ಲಿನ ನೆಲ ನೀರನ್ನು ಬೇಗ ಇಳಿಸಿಬಿಡುತ್ತದೆ. ಹೀಗಾಗಿ ಜುಲೈನಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುವ ಅರ್ಥಿಂಗ್ ಗುಂಡಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಒಣಗಿ ಹೆಸರಿಗೆ ಮಾತ್ರ ಉಳಿದಿರುತ್ತದೆ, ಮುಂಗಾರಿಗೆ ಮುಂಚಿನ ದೊಡ್ಡ ಸಿಡಿಲುಗಳು ಬೀಳುವುದೂ ಅದೇ ತಿಂಗಳುಗಳಲ್ಲಿ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥ್ ರೋಧ ಅಳೆಯಿಸಿ. ಐದು ಓಮ್‌ಗಿಂತ ಕೆಳಗಿದ್ದರೆ ಒಳ್ಳೆಯದು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಿ. ಆಮೇಲೆ ಮುಖ್ಯ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅರ್ಥಿಂಗ್ ಇಲ್ಲದೆ ಅದನ್ನು ಹಾಕಿಸುವುದು ದಂಡ, ಏಕೆಂದರೆ ಹೆಚ್ಚುವರಿ ವಿದ್ಯುತ್ತನ್ನು ಅದು ಕಳುಹಿಸಬೇಕಾದದ್ದು ನೆಲಕ್ಕೇ. ಮಳೆಗಾಲದಲ್ಲಿ ತೆಂಗಿನ ಹೆಡೆ ಬಿದ್ದು ಕಂಬದ ನ್ಯೂಟ್ರಲ್ ತಂತಿ ಕಡಿದಾಗ 230 ವೋಲ್ಟ್ ಇರಬೇಕಾದ ಕಡೆ 400ರ ಹತ್ತಿರ ಏರುವುದುಂಟು. ಇದಕ್ಕೆ ಸರ್ಜ್ ಪ್ರೊಟೆಕ್ಟರ್ ಸಾಲದು, ವೋಲ್ಟೇಜ್ ಮಿತಿ ಮೀರಿದೊಡನೆ ಲೈನನ್ನೇ ಕತ್ತರಿಸುವ ಸಾಧನ ಪ್ರತ್ಯೇಕವಾಗಿ ಬೇಕು.

ಇನ್ನು ಕಂಪನಿ. ಡೆನಾನ್, ಯಮಾಹಾ, ಮರಾಂಟ್ಜ್, ಸೋನಿ, ಓಂಕ್ಯೋ, ಪಯೋನಿಯರ್ ಇವು ಈ ಕ್ಷೇತ್ರದ ಪರಿಚಿತ ಹೆಸರುಗಳು. ಇವುಗಳಲ್ಲಿ ಒಂದು ಕೆಡುತ್ತದೆ, ಇನ್ನೊಂದು ಕೆಡುವುದಿಲ್ಲ ಎಂದು ಹೇಳುವವರ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಆದರೆ ಮಾಲೀಕತ್ವ ಬದಲಾದಾಗ ಬಿಡಿಭಾಗ, ಸರ್ವಿಸ್ ವ್ಯವಸ್ಥೆಗಳೂ ಬದಲಾಗಬಹುದು ಎಂಬುದನ್ನು ಗಮನಿಸಬೇಕು. ಓಂಕ್ಯೋದ ಮೂಲ ಜಪಾನೀ ಕಂಪನಿ 2022ರಲ್ಲಿ ದಿವಾಳಿಯಾಯಿತು, ಬ್ರಾಂಡ್ ಮಾತ್ರ ಬೇರೆಯವರ ಕೈಯಲ್ಲಿ ಮುಂದುವರಿದಿದೆ. ಡೆನಾನ್ ಮತ್ತು ಮರಾಂಟ್ಜ್ ಒಂದೇ ಮನೆತನದವು, 2025ರಲ್ಲಿ ಸ್ಯಾಮ್‌ಸಂಗ್‌ನ ಅಂಗಸಂಸ್ಥೆಯಾದ ಹರ್ಮಾನ್ ಪಾಲಾದವು. ಆದ್ದರಿಂದ ಹತ್ತು ವರ್ಷಗಳ ಹಿಂದಿನ ಹೆಸರನ್ನು ನಂಬಿ ಹೋಗುವ ಬದಲು, ಈ ಮಾಡೆಲ್ಲನ್ನು ಇವತ್ತು ಅಧಿಕೃತವಾಗಿ ದುರಸ್ತಿ ಮಾಡುವ ಕೇಂದ್ರ ಎಲ್ಲಿದೆ, ಬೋರ್ಡ್ ಎಷ್ಟು ದಿನದಲ್ಲಿ ಸಿಗುತ್ತದೆ, ವಾರಂಟಿಯಲ್ಲಿ ಸಾಗಣೆಯ ಖರ್ಚು ಯಾರದು ಎಂದು ಅಂಗಡಿಯವರನ್ನು ಕೇಳಿ. ಅವರು ಕೊಟ್ಟ ಕೇಂದ್ರದ ನಂಬರಿಗೆ ಅಂಗಡಿಯಲ್ಲಿ ನಿಂತುಕೊಂಡೇ ಫೋನ್ ಮಾಡಿ. ಹತ್ತು ಕಿಲೋ ತೂಕದ ಪೆಟ್ಟಿಗೆಯನ್ನು ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಒಯ್ಯಬೇಕೋ, ಮಡಗಾಂವಿನಲ್ಲಿ ಮುಗಿಯುತ್ತದೆಯೋ, ಬೆಂಗಳೂರಿಗೇ ಕಳುಹಿಸಬೇಕೋ ಎಂಬುದು ಕಾರವಾರದವರಿಗೆ ಶಬ್ದದ ಗುಣಮಟ್ಟದಷ್ಟೇ ಮುಖ್ಯವಾದ ವಿಷಯ. ಒಳಗಿನ ಥರ್ಮೋಕೋಲ್ ಸಮೇತ ಮೂಲ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟುಕೊಳ್ಳಿ. ಸಿಡಿಲಿನಿಂದಾದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ. ಆದರೆ ತಾನಾಗಿಯೇ ಕೆಟ್ಟದ್ದನ್ನೂ ಸಿಡಿಲಿನ ಲೆಕ್ಕಕ್ಕೆ ಹಾಕಿ ಸಾಗಹಾಕಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಒಂಬತ್ತು ಚಾನೆಲ್ ನಿಮಗೆ ಬೇಡ. ಇಲ್ಲಿ ಚಾನೆಲ್ ಎಂದರೆ ಒಂದು ಸ್ಪೀಕರನ್ನು ನುಡಿಸುವ ಪ್ರತ್ಯೇಕ ಆಂಪ್ಲಿಫೈಯರ್. ನಿಮ್ಮ ಬಳಿ ಇರುವುದು ಐದು ಸ್ಪೀಕರ್, ಒಂದು ಸಬ್‌ವೂಫರ್. ಮುಂದೆ ಮಾಡಿಗೆ ಎರಡು ಅಟ್ಮಾಸ್ (ತಲೆಯ ಮೇಲಿನಿಂದಲೂ ಶಬ್ದ ಬರುವಂತೆ ಮಾಡುವ ಡಾಲ್ಬಿಯ ವ್ಯವಸ್ಥೆ) ಸ್ಪೀಕರ್ ಹಾಕುವ ಆಸೆಯಿದ್ದರೂ ಏಳು ಚಾನೆಲ್ ಸಾಕು. ಉಳಿದ ಚಾನೆಲ್‌ಗಳು ಅದೇ ಗಾತ್ರದ ಡಬ್ಬಿಯೊಳಗೆ ಇನ್ನಷ್ಟು ಬಿಡಿಭಾಗಗಳನ್ನು ತುಂಬಿ, ಗಾಳಿಯಾಡುವ ಜಾಗವನ್ನು ಕಡಿಮೆ ಮಾಡುತ್ತವೆ. ವಾಟ್ ವಿಷಯದಲ್ಲಿಯೂ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ನೋಡಬೇಡಿ. ಅದರ ಕೆಳಗಿನ ಸಣ್ಣ ಅಕ್ಷರ ಓದಿ. ಒಂದೇ ಚಾನೆಲ್, 6 ಓಮ್, 1 ಕಿಲೋಹರ್ಟ್ಸ್, 10 ಶೇಕಡಾ ವಿರೂಪದಲ್ಲಿ (ಅಂದರೆ ಧ್ವನಿ ಅಷ್ಟು ಕೆಟ್ಟಿರುವಾಗ) 150 ವಾಟ್ ಎಂದು ಬರೆದ ರಿಸೀವರಿಗಿಂತ, ಎರಡು ಚಾನೆಲ್ ಒಟ್ಟಿಗೆ ನುಡಿಸಿ, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, 0.08 ಶೇಕಡಾ ವಿರೂಪದಲ್ಲಿ 80 ವಾಟ್ ಎಂದು ಬರೆದದ್ದು ನಿಜಕ್ಕೂ ಗಟ್ಟಿ. ವಾಟ್ ಎರಡು ಪಟ್ಟಾದರೂ ಶಬ್ದ ಏರುವುದು ಮೂರೇ ಡೆಸಿಬಲ್. ಹನ್ನೆರಡು, ಹದಿನಾಲ್ಕು ಅಡಿಯ ಕೋಣೆಯಲ್ಲಿ ಮನೆಮಂದಿ ಕೂತು ಸಿನಿಮಾ ನೋಡುವಾಗ ಹೆಚ್ಚಿನ ಹೊತ್ತು ಖರ್ಚಾಗುವುದು ಕೆಲವೇ ವಾಟ್.

ಬಾಳಿಕೆಯನ್ನು ತಿನ್ನುವುದು ಬಿಸಿ. ರಿಸೀವರಿನೊಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ಆಯುಷ್ಯ ಪ್ರತಿ ಹತ್ತು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರೆಲ್ಲ ಒಪ್ಪುವ ಲೆಕ್ಕ. ಗಾಜಿನ ಬಾಗಿಲಿನ ಶೋಕೇಸಿನಲ್ಲಿ, ಮೇಲೆ ಸೆಟ್‌ಟಾಪ್ ಬಾಕ್ಸ್ ಪೇರಿಸಿ, ಅದರ ಮೇಲೊಂದು ಕಸೂತಿಯ ಬಟ್ಟೆ ಹೊದಿಸಿದ ರಿಸೀವರುಗಳನ್ನು ನೋಡಿದಾಗಲೆಲ್ಲ ನನಗೆ ಕನಿಕರವೇ ಆಗುತ್ತದೆ. ಮೇಲೆ ಕನಿಷ್ಠ ಒಂದು ಗೇಣು ಜಾಗ ಬಿಡಿ, ಹಿಂದೆಯೂ ಗಾಳಿ ಹೋಗಲಿ. ಮಳೆಗಾಲದಲ್ಲಿ ವಾರಗಟ್ಟಲೆ ಮುಟ್ಟದೆ ಇಡುವುದು ಒಳ್ಳೆಯದಲ್ಲ. ಗುಡುಗಿಲ್ಲದ ದಿನ ಆಗಾಗ ಒಂದು ಗಂಟೆ ಹಾಕಿದರೆ ಒಳಗಿನ ತೇವ ತಾನಾಗಿ ಆರುತ್ತದೆ. ಉಪ್ಪುಗಾಳಿಗೆ ಸ್ಪೀಕರ್ ವೈರಿನ ತುದಿ ಹಸಿರುಗಟ್ಟಿದ್ದರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಸಿಪ್ಪೆ ತೆಗೆದು ಹಾಕಿ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವೈರ್ ಅಗ್ಗಕ್ಕೆ ಸಿಕ್ಕರೂ ಸಮುದ್ರದ ಬದಿಯ ಮನೆಗೆ ಅದು ಬೇಡ.

ಹಳೆಯ ರಿಸೀವರನ್ನು ಗುಜರಿಗೆ ಹಾಕುವ ಮೊದಲು ಅದರ ಬೆನ್ನಿನಲ್ಲಿ ಆಪ್ಟಿಕಲ್ ಇನ್‌ಪುಟ್ ಇದೆಯೇ ನೋಡಿ. ಇದ್ದರೆ ಎಲ್ಲ ಉಪಕರಣಗಳನ್ನೂ ನೇರ ಟಿವಿಗೆ ಜೋಡಿಸಿ, ಟಿವಿಯ ಆಪ್ಟಿಕಲ್ ಔಟ್‌ಪುಟ್ಟಿನಿಂದ ರಿಸೀವರಿಗೆ ಒಂದು ವೈರ್ ಎಳೆಯಿರಿ. ಡಾಲ್ಬಿ ಡಿಜಿಟಲ್ 5.1 ಅದರಲ್ಲಿ ಬರುತ್ತದೆ, ಅಟ್ಮಾಸ್ ಬರುವುದಿಲ್ಲ. ಆ ವೈರಿನಲ್ಲಿ ಹೋಗುವುದು ಬೆಳಕು, ವಿದ್ಯುತ್ತಲ್ಲ. ಹಾಗಾಗಿ ಟಿವಿಯ ಕಡೆಯಿಂದ ಸಿಡಿಲು ಆ ಮೂಲಕ ದಾಟಲಾರದು. ಅಟ್ಮಾಸ್ ಬೇಡವೆಂದರೆ ನಿಮಗೆ ಹೊಸ ರಿಸೀವರೇ ಬೇಕಾಗಲಿಕ್ಕಿಲ್ಲ, ಆ ಹಣ ಅರ್ಥಿಂಗಿಗೆ ಹೋಗಲಿ.

ಪ್ರಶ್ನೆ: 8ಕೆ ಎಂದು ಬರೆದ ರಿಸೀವರನ್ನೇ ಕೊಳ್ಳಬೇಕೇ? ನಮ್ಮದು 4ಕೆ ಟಿವಿ. — ಓದುಗರು, ಹೊನ್ನಾವರ

ಉತ್ತರ: ಸಿನಿಮಾ, ಧಾರಾವಾಹಿ, ಕ್ರಿಕೆಟ್ ನೋಡುವವರಿಗೆ ಅಗತ್ಯವಿಲ್ಲ, ಎಚ್‌ಡಿಎಂಐ 2.0 ಸಾಕು. 4ಕೆ ಚಿತ್ರವನ್ನು ಸೆಕೆಂಡಿಗೆ 120 ಫ್ರೇಮ್‌ನಂತೆ ಬಯಸುವುದು ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ತರಹದ ಆಟದ ಯಂತ್ರಗಳು ಮಾತ್ರ. ಅವನ್ನು ನೇರ ಟಿವಿಗೆ ಜೋಡಿಸಿ ಶಬ್ದವನ್ನಷ್ಟೇ ಇ-ಎಆರ್‌ಸಿ (ಟಿವಿಯ ಶಬ್ದವನ್ನು ಎಚ್‌ಡಿಎಂಐ ವೈರಿನಲ್ಲೇ ಹಿಂದಕ್ಕೆ ಕಳುಹಿಸುವ ವ್ಯವಸ್ಥೆ) ಮೂಲಕ ರಿಸೀವರಿಗೆ ತರಬಹುದು. ಟಿವಿ ಮತ್ತು ರಿಸೀವರ್ ಎರಡರಲ್ಲೂ ಇ-ಎಆರ್‌ಸಿ ಇದೆಯೇ ಎಂಬುದನ್ನೇ ಮುಖ್ಯವಾಗಿ ನೋಡಿ. ಹಳೆಯದನ್ನು ಕೊಳ್ಳುವವರು 2020ರಲ್ಲಿ ಬಂದ ಮೊದಮೊದಲ 8ಕೆ ಮಾಡೆಲ್‌ಗಳ ಬಗ್ಗೆ ಎಚ್ಚರ ವಹಿಸಬೇಕು; ಆಗಿನ ಕೆಲವು ರಿಸೀವರುಗಳ ಎಚ್‌ಡಿಎಂಐ 2.1 ಚಿಪ್‌ನಲ್ಲಿ ದೋಷವಿದ್ದು, ಈ 120 ಫ್ರೇಮ್ ಚಿತ್ರವೇ ಸರಿಯಾಗಿ ಹಾಯುತ್ತಿರಲಿಲ್ಲ.

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಹಳೆಯ ಹಂಚಿನ ಮನೆ, ನಡುಮನೆಗೆ ಮರದ ಮುಚ್ಚಿಗೆ ಇದೆ. ತಂದೆಯವರ ಕಾಲದ ಬಡಗುತಿಟ್ಟಿನ ಯಕ್ಷಗಾನದ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದೇವೆ. ಹೊಸ ರಿಸೀವರಿನಲ್ಲಿ ಕೇಳಿದರೆ ಭಾಗವತರು ಎಲ್ಲೋ ದೂರದಲ್ಲಿ ಹಾಡಿದಂತೆ, ಹಿಂದಿನ ಸ್ಪೀಕರಿನಲ್ಲಿ ಸುಂಯ್‌ಗುಡುವಿಕೆ ತುಂಬಿದಂತೆ ಇದೆ. ಇದು ರಿಸೀವರಿನ ದೋಷವೇ? ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಹಾಕಬಹುದೇ? — ಅಡಿಕೆ ಬೆಳೆಗಾರರು, ಶಿರಸಿ ತಾಲೂಕು

ಉತ್ತರ: ದೋಷವಲ್ಲ, ಸೆಟ್ಟಿಂಗ್. ರಿಸೀವರ್ ತಾನಾಗಿಯೇ ಎರಡು ಚಾನೆಲ್‌ನ ಧ್ವನಿಯನ್ನು ಐದು ಸ್ಪೀಕರಿಗೆ ಹಂಚುತ್ತಿದೆ. ಎಡ, ಬಲ ಎರಡರಲ್ಲೂ ಸಮವಾಗಿರುವ ಭಾಗವತರ ಧ್ವನಿ ನಡುವಿನ ಸಣ್ಣ ಸ್ಪೀಕರಿಗೆ ಹೋಗುತ್ತದೆ. ಎರಡರಲ್ಲೂ ಬೇರೆಬೇರೆಯಾಗಿರುವ ಟೇಪಿನ ಸುಂಯ್ ಶಬ್ದ ಹಿಂದಕ್ಕೆ ಹೋಗುತ್ತದೆ. ರಿಮೋಟಿನಲ್ಲಿ ‘ಸ್ಟೀರಿಯೋ’ ಅಥವಾ ‘ಡೈರೆಕ್ಟ್’ ಒತ್ತಿ ಕೇಳಿ. ಚಂಡೆಯ ಪೆಟ್ಟು ಸರಾಸರಿ ಶಬ್ದಕ್ಕಿಂತ ಹತ್ತು ಡೆಸಿಬಲ್ ಮೇಲೆ ಚಿಮ್ಮಿದರೆ ಆ ಕ್ಷಣಕ್ಕೆ ಹತ್ತು ಪಟ್ಟು ವಾಟ್ ಬೇಕಾಗುತ್ತದೆ. ಆದ್ದರಿಂದ ಯಕ್ಷಗಾನ ಕೇಳುವ ಮನೆಗೆ ಚಾನೆಲ್‌ಗಳ ಸಂಖ್ಯೆಗಿಂತ ಎರಡು ಚಾನೆಲ್‌ನ ಗಟ್ಟಿತನ ನೋಡಿ ರಿಸೀವರ್ ಆರಿಸುವುದು ಸರಿ. ಮುಚ್ಚಿಗೆಯ ಹಲಗೆ ಕೆಳಸ್ವರದ ಗುಂಯ್‌ಗುಡುವಿಕೆಯನ್ನು ತಕ್ಕಮಟ್ಟಿಗೆ ನುಂಗಿಕೊಳ್ಳುತ್ತದೆ. ಕಾಂಕ್ರೀಟ್ ಮಾಡಿನವರಿಗೆ ಇಲ್ಲದ ಅನುಕೂಲ ಅದು.

ರಿಸೀವರಿನ ಜೊತೆ ಬಂದ ಮೈಕನ್ನು ಕೂತಾಗಿನ ಕಿವಿಯ ಎತ್ತರದಲ್ಲಿ ಸ್ಟ್ಯಾಂಡಿನ ಮೇಲಿಟ್ಟು ಸ್ವಯಂ ಹೊಂದಾಣಿಕೆ ಮಾಡಿಸಿ. ಫ್ಯಾನ್ ಆರಿಸಿ, ಮಳೆ ಹೊಳವಾಗಿರುವ ಹೊತ್ತು ನೋಡಿ ಮಾಡಿಸಬೇಕು. ಹಂಚಿನ ಮೇಲೆ ಬೀಳುವ ಮಳೆಯ ಸದ್ದು, ಸಂಜೆಯ ಜೀರುಂಡೆ ಎಲ್ಲವೂ ಆ ಮೈಕಿಗೆ ಕೇಳಿಸುತ್ತವೆ, ಅಳತೆ ತಪ್ಪುತ್ತದೆ.

ಇನ್ವರ್ಟರ್ ‘ಸೈನ್ ವೇವ್’ ಆಗಿದ್ದರೆ ಧಾರಾಳವಾಗಿ ಹಾಕಿ, ಸಾಮಾನ್ಯ ಶಬ್ದದಲ್ಲಿ ರಿಸೀವರ್ ನೂರು ವಾಟಿನ ಒಳಗೇ ಎಳೆಯುತ್ತದೆ. ಹಳೆಯ ‘ಸ್ಕ್ವೇರ್ ವೇವ್’ ಆಗಿದ್ದರೆ ಬೇಡ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುತ್ತದೆ, ಬಿಸಿಯಾಗುತ್ತದೆ. ವಾತದ್ವಾರಕ್ಕೆ ಹಲ್ಲಿ, ಇರುವೆ ಹೋಗದಂತೆ ಬಟ್ಟೆ ಮುಚ್ಚುವವರಿದ್ದಾರೆ. ಮುಚ್ಚುವುದಾದರೆ ರಿಸೀವರ್ ಪೂರ್ತಿ ತಣಿದ ಮೇಲೆ ಮುಚ್ಚಿ, ಹಾಕುವ ಮೊದಲು ತೆಗೆಯಿರಿ.

ಪ್ರಶ್ನೆ: ಅಣ್ಣ ಸೌದಿಯಲ್ಲಿದ್ದಾರೆ, ರಜೆಗೆ ಬರುವಾಗ ರಿಸೀವರ್ ತರುತ್ತೇನೆ ಎನ್ನುತ್ತಾರೆ. ದುಬೈಯಲ್ಲಿರುವ ಭಾವನವರೂ ತರಲು ಸಿದ್ಧರಿದ್ದಾರೆ. ತರಿಸಿಕೊಳ್ಳಬಹುದೇ? — ವಿದ್ಯಾರ್ಥಿ, ಭಟ್ಕಳ

ಉತ್ತರ: ಎರಡರಲ್ಲಿ ಒಂದಾದರೆ ದುಬೈಯದು. ಅಲ್ಲಿಯ ವಿದ್ಯುತ್ತೂ ನಮ್ಮಂತೆಯೇ 50 ಹರ್ಟ್ಸ್, ವೋಲ್ಟೇಜೂ ಹೊಂದುತ್ತದೆ. ಸೌದಿಯಲ್ಲಿ 60 ಹರ್ಟ್ಸ್. ರಿಸೀವರಿನ ಬೆನ್ನಿನ ಪಟ್ಟಿಯಲ್ಲಿ 50/60 ಎಂದು ಎರಡೂ ಬರೆದಿದ್ದರೆ ಚಿಂತೆಯಿಲ್ಲ, ಬರೀ 60 ಎಂದಿದ್ದರೆ ಇಲ್ಲಿ ಅದರ ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ. ಅಮೆರಿಕದ 120 ವೋಲ್ಟಿನದು ಯಾರು ಕೊಟ್ಟರೂ ಬೇಡ. ಯಾರಾದರೂ ಮರೆತು ನೇರ ಗೋಡೆಯ ಪ್ಲಗ್ಗಿಗೆ ಹಾಕಿದರೆ ಅಲ್ಲಿಗೆ ಕತೆ ಮುಗಿಯಿತು. ಅಲ್ಲಿ ಕೊಂಡದ್ದಕ್ಕೆ ಇಲ್ಲಿ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ, ಮಾಡೆಲ್ ಇಲ್ಲಿ ಮಾರಾಟದಲ್ಲಿ ಇಲ್ಲದಿದ್ದರೆ ಬೋರ್ಡ್ ಸಿಗುವುದೂ ಕಷ್ಟ. ಆದ್ದರಿಂದ ಇಲ್ಲಿಯ ಅಂಗಡಿಯ ಬೆಲೆಗೂ ಅಲ್ಲಿಯ ಬೆಲೆಗೂ ಇರುವ ಅಂತರ ಒಂದು ದೊಡ್ಡ ರಿಪೇರಿಯ ಖರ್ಚನ್ನು ಮೀರುವಂತಿದ್ದರೆ ಮಾತ್ರ ತರಿಸಿ. ಎಂಟು-ಹತ್ತು ಕಿಲೋ ಲಗೇಜು, ಕಸ್ಟಮ್ಸ್ ಎರಡನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕೊಳ್ಳುವ ಮೊದಲು ಬೆನ್ನಿನ ಪಟ್ಟಿಯ ಫೋಟೋವನ್ನು ಭಾವನವರಿಂದ ವಾಟ್ಸ್ಆಪ್‌ನಲ್ಲಿ ತರಿಸಿಕೊಂಡು, ಅದೇ ಮಾಡೆಲ್ ಸಂಖ್ಯೆ ಕಂಪನಿಯ ಭಾರತದ ಪಟ್ಟಿಯಲ್ಲಿ ಇದೆಯೇ ಎಂದು ಹೋಲಿಸಿ ನೋಡಿ.