ಹಳೆಯ ಪ್ರಿಂಟರ್‌ಗಾಗಿ ವೈಫೈ ಭದ್ರತೆಯನ್ನು ಇಳಿಸಬೇಕೇ?

ಪ್ರಶ್ನೆ: ಮನೆಗೆ ಹೊಸ ರೂಟರ್ ತಂದಿದ್ದೇವೆ. ಅದರಲ್ಲಿ ಡಬ್ಲ್ಯುಪಿಎ3 ಎಂಬ ವೈಫೈ ಭದ್ರತಾ ವಿಧಾನವನ್ನು ಆರಿಸಿದರೆ ಹಳೆಯ ಪ್ರಿಂಟರ್ ವೈಫೈಗೆ ಸೇರುವುದಿಲ್ಲ. ಅದಕ್ಕಿಂತ ಹಳೆಯ ವಿಧಾನಗಳಾದ ಡಬ್ಲ್ಯುಪಿಎ ಅಥವಾ ಡಬ್ಲ್ಯುಇಪಿಗೆ ಬದಲಾಯಿಸಿದರೆ ತೊಂದರೆಯೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಡಬ್ಲ್ಯುಇಪಿಯ ಮೂಲಭೂತ ದೋಷ 2001ರಲ್ಲೇ ಬಯಲಾಗಿದ್ದು, ಇಂದು ಅದನ್ನು ಭೇದಿಸಲು ಕೆಲವೇ ನಿಮಿಷ ಸಾಕು. ಅದರ ಬದಲಿಗೆ 2003ರಲ್ಲಿ ಬಂದ ಡಬ್ಲ್ಯುಪಿಎ, ಹಳೆಯ ಯಂತ್ರಾಂಶದಲ್ಲೇ ನಡೆಯುವಂತೆ ರೂಪಿಸಿದ ತಾತ್ಕಾಲಿಕ ಏರ್ಪಾಡು ಮಾತ್ರ. ಅದರ ಟಿಕೆಐಪಿ ಎಂಬ ಗೂಢಲಿಪೀಕರಣ (ಮಾಹಿತಿಯನ್ನು ಇತರರು ಓದದಂತೆ ಮಾರ್ಪಡಿಸುವ) ವಿಧಾನವನ್ನು ಆರಿಸಿದರೆ ಭದ್ರತೆಯ ಜೊತೆಗೆ ವೇಗವೂ ಕುಗ್ಗುತ್ತದೆ.

ನಿಮ್ಮ ಪ್ರಿಂಟರ್ ಬಹುಮಟ್ಟಿಗೆ ಎಇಎಸ್ ಎಂಬ ಬಲವಾದ ಗೂಢಲಿಪೀಕರಣವಿರುವ ಡಬ್ಲ್ಯುಪಿಎ2ಗೆ ಹೊಂದಿಕೊಳ್ಳುತ್ತದೆ; 2006ರಿಂದ ವೈಫೈ ಪ್ರಮಾಣೀಕರಣ ಪಡೆಯುವ ಹೊಸ ಸಾಧನಗಳಿಗೆ ಅದು ಕಡ್ಡಾಯವಾಗಿತ್ತು. ಆದ್ದರಿಂದ ಮೊದಲು ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡನ್ನೂ ಒಪ್ಪುವ ಮಿಶ್ರ ಆಯ್ಕೆಯನ್ನು ಪ್ರಯತ್ನಿಸಿ. ಹೊಸ ಫೋನು, ಲ್ಯಾಪ್‌ಟಾಪ್‌ಗಳು ಡಬ್ಲ್ಯುಪಿಎ3 ಬಳಸಿದರೆ, ಪ್ರಿಂಟರ್ ಡಬ್ಲ್ಯುಪಿಎ2 ಬಳಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಲೇಬೇಕು. ಡಬ್ಲ್ಯುಪಿಎ2ರಲ್ಲಿ ಸಾಧನವೊಂದು ಸಂಪರ್ಕ ಪಡೆಯುವಾಗ ರೂಟರ್‌ನೊಡನೆ ನಾಲ್ಕು ಸಂದೇಶಗಳು ವಿನಿಮಯವಾಗುತ್ತವೆ. ಗೋಡೆಯಾಚೆ ಇರುವವರು ಅವುಗಳನ್ನು ದಾಖಲಿಸಿಕೊಂಡು ಹೋಗಿ, ತಮ್ಮ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ, ಬಿಡುವಾಗಿ ಪರೀಕ್ಷಿಸಬಹುದು. 2018ರಲ್ಲಿ ಬಂದ ಡಬ್ಲ್ಯುಪಿಎ3ರ ವಿನ್ಯಾಸದಲ್ಲಿ ಪ್ರತಿಯೊಂದು ಊಹೆಯನ್ನೂ ರೂಟರಿನ ಎದುರೇ ಪರೀಕ್ಷಿಸಬೇಕಾಗುವುದರಿಂದ ಆ ಅವಕಾಶವಿಲ್ಲ. ಆದರೆ ಮಿಶ್ರ ಆಯ್ಕೆಯಲ್ಲಿ ಎರಡಕ್ಕೂ ಒಂದೇ ಪಾಸ್‌ವರ್ಡ್ ಇರುವುದರಿಂದ, ಪ್ರಿಂಟರಿನ ಮೂಲಕ ಅದು ಬಯಲಾದರೆ ಇಡೀ ನೆಟ್‌ವರ್ಕ್‌ಗೆ ಪ್ರವೇಶ ಸಿಕ್ಕಂತೆ. ಆದ ಕಾರಣ ಪಾಸ್‌ವರ್ಡ್ ಉದ್ದವಾಗಿರಲಿ. 8ರಿಂದ 63 ಅಕ್ಷರಗಳವರೆಗೆ ಅವಕಾಶವಿದ್ದರೂ ಎಂಟಕ್ಕೇ ನಿಲ್ಲಿಸುವುದು ಸಾಲದು. ಪರಸ್ಪರ ಸಂಬಂಧವಿಲ್ಲದ ಐದಾರು ಪದಗಳನ್ನು ಜೋಡಿಸಿಕೊಂಡರೆ ನೆನಪಿಡಲೂ ಸುಲಭ, ಊಹಿಸಲೂ ಕಷ್ಟ. ಹೆಸರು, ಜನ್ಮದಿನಾಂಕ, ಫೋನ್ ಸಂಖ್ಯೆ ಖಂಡಿತ ಬೇಡ.

ಮಿಶ್ರ ಆಯ್ಕೆಯಲ್ಲೂ ಪ್ರಿಂಟರ್ ಸೇರದಿದ್ದರೆ, ಅದಕ್ಕಾಗಿ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇರುವ ಡಬ್ಲ್ಯುಪಿಎ2 ನೆಟ್‌ವರ್ಕ್ ರಚಿಸಿ. ನಿಜ ಹೇಳಬೇಕೆಂದರೆ, ರೂಟರಿನಲ್ಲಿ ಸೌಲಭ್ಯವಿದ್ದರೆ ನಾನು ಮೊದಲಿಗೇ ಇದನ್ನು ಆರಿಸುತ್ತೇನೆ. ಆದರೆ ಇದಕ್ಕಾಗಿ ರೂಟರಿನ ಅತಿಥಿ ನೆಟ್‌ವರ್ಕ್ (ಮನೆಗೆ ಬಂದವರಿಗೆಂದು ಇರುವ ಪ್ರತ್ಯೇಕ ವೈಫೈ) ಬಳಸುವುದಾದರೆ, ಅದು ಸಾಮಾನ್ಯವಾಗಿ ಮುಖ್ಯ ನೆಟ್‌ವರ್ಕಿನ ಸಾಧನಗಳಿಂದ ಬೇರ್ಪಟ್ಟಿರುತ್ತದೆ. ಪ್ರಿಂಟರನ್ನು ಅಲ್ಲಿಟ್ಟರೆ ಮುದ್ರಿಸುವಾಗ ಲ್ಯಾಪ್‌ಟಾಪನ್ನೂ ಆ ನೆಟ್‌ವರ್ಕಿಗೆ ಬದಲಾಯಿಸಬೇಕಾದೀತು. ಯುಎಸ್‌ಬಿ ಕೇಬಲ್ ಇದ್ದರೆ ಈ ತೊಡಕೇ ಇಲ್ಲ.

ಕೊನೆಯದಾಗಿ, ಪಾಸ್‌ವರ್ಡ್ ಬದಲು ಪಿನ್ ನೀಡಿ ಸಾಧನಗಳನ್ನು ವೈಫೈಗೆ ಸೇರಿಸುವ, ರೂಟರಿನ ಡಬ್ಲ್ಯುಪಿಎಸ್ ಪಿನ್ ಸೌಲಭ್ಯವನ್ನು ಸ್ಥಗಿತಗೊಳಿಸಿ. ಎಂಟು ಅಂಕಿಗಳ ಆ ಪಿನ್ ಅನ್ನು ಎರಡು ಭಾಗಗಳಾಗಿ ಪರಿಶೀಲಿಸುವ ಕಾರಣ ಸುಮಾರು 11,000 ಪ್ರಯತ್ನಗಳೊಳಗೆ ಅದನ್ನು ಕಂಡುಹಿಡಿಯಬಹುದೆಂದು 2011ರಲ್ಲಿ ತಿಳಿದುಬಂದಿತು, ಮತ್ತು ಅದು ಸಿಕ್ಕರೆ ನಿಮ್ಮ ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಪ್ರಯೋಜನವಿಲ್ಲ.