ದಿನಕ್ಕೆ ₹377: ಕೆಲಸ ಬಿಟ್ಟು ನಡೆದು ಬರೆಯಬೇಕೆಂದ ಒಬ್ಬರ ಪ್ರಕರಣ

(ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇವೆ.)

ಆಕೆಗೆ 33. ಬಾಗಲಕೋಟೆ ಕಡೆಯವರು, ಬೆಂಗಳೂರಿನಲ್ಲಿ ಒಂಬತ್ತು ವರ್ಷದ ಸಾಫ್ಟ್‌ವೇರ್ ನೌಕರಿ. ಸಲಹೆ ಕೇಳಲು ನಮ್ಮಲ್ಲಿಗೆ ಬರುವಾಗಲೇ ರಾಜೀನಾಮೆ ಪತ್ರ ಬರೆದಿಟ್ಟುಕೊಂಡಿದ್ದರು. ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಉದ್ದನೆಯ ಕಾಲುದಾರಿಯನ್ನು ಪೂರ್ತಿ ನಡೆದು ಬಂದು, ಅದನ್ನು ಬರೆದು ಬದುಕುವುದು ಅವರ ಯೋಚನೆ. ಗಂಡನ ಜೊತೆ ಮಾತು ನಿಂತು ಮೂರು ವಾರವಾಗಿತ್ತು.

ಮೊದಲ ಎರಡು ಭೇಟಿಯಲ್ಲಿ ಬರವಣಿಗೆಯ ಮಾತೇ ಎತ್ತಲಿಲ್ಲ. ರಾತ್ರಿ ನಾಲ್ಕೈದು ಗಂಟೆ ನಿದ್ದೆ. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸು. ನೌಕರಿಯಿಂದ ಪಾರಾಗುವ ಆಸೆಯೂ ನಡೆದು ಬರೆಯುವ ಆಸೆಯೂ ಒಂದಕ್ಕೊಂದು ಗಂಟುಬಿದ್ದಿದ್ದವು. ಮೊದಲನೆಯದಕ್ಕೆ ರಜೆ ಮತ್ತು ವೈದ್ಯರ ಭೇಟಿ ಸೂಚಿಸಿ, ರಾಜೀನಾಮೆಯನ್ನು 90 ದಿನ ಮುಂದಕ್ಕೆ ಹಾಕಿಸಿದೆವು.

ಮೂರನೆಯ ಭೇಟಿಗೆ ಲೆಕ್ಕ ತಂದರು. ಹಿಂದಿನ ವರ್ಷ ನಡೆದು ಬರೆದದ್ದು 14 ಲೇಖನ, ಬಂದದ್ದು ₹46,000. ದುಡ್ಡು ಬರೆದಿಟ್ಟಿದ್ದರು, ದಿನ ಬರೆದಿಟ್ಟಿರಲಿಲ್ಲ. ಕ್ಯಾಲೆಂಡರ್ ಹಿಡಿದು ಎಣಿಸಿದರೆ ನಡೆದದ್ದು 52 ದಿನ. ಬರೆದು, ತಿದ್ದಿ, ಫೋಟೊ ಆರಿಸಿದ್ದು 70 ದಿನ. ದಿನಕ್ಕೆ ₹377 ಬಿತ್ತು, ಅದೂ ಬಸ್ಸು, ಊಟ, ಶೂ ಖರ್ಚು ಕಳೆಯುವ ಮೊದಲು. ಮನೆಗೆ ಅವರ ಪಾಲು ತಿಂಗಳಿಗೆ ₹34,000.

ಪೆಸಿಫಿಕ್ ಕ್ರೆಸ್ಟ್ ಎಂದರೆ 4,265 ಕಿ.ಮೀ., ಸುಮಾರು ಐದು ತಿಂಗಳು. ಟ್ರೇಲ್ ಶೂ 600–800 ಕಿ.ಮೀ.ಗೆ ಸವೆಯುತ್ತದೆ; ಶೂಗಳೇ ಆರೇಳು ಜೊತೆ. ವೀಸಾ, ವಿಮಾನ, ನಡುವಿನ ಊರುಗಳ ವಸತಿ ಸೇರಿದರೆ ಉಳಿತಾಯದ ₹5.2 ಲಕ್ಷ ಅಲ್ಲಿಗೆ ಸರಿ. ಬಂದು ₹250 ಬೆಲೆಯ ಪುಸ್ತಕ ಬರೆದು 1,000 ಪ್ರತಿ ಮಾರಾಟವಾದರೂ, ಶೇ 10ರ ಗೌರವಧನದಲ್ಲಿ ಕೈಗೆ ₹25,000.

ಅವರ ನಿಜವಾದ ಬಂಡವಾಳ ಕಂಡದ್ದು ಬೆವರಿಗೆ ಉಬ್ಬಿಹೋದ ಒಂದು ಕಿಸೆ ನೋಟ್‌ಬುಕ್ಕಿನಲ್ಲಿ. ಯುಗಾದಿಗೆ ಮುಂಚೆ ಊರವರ ಜೊತೆ ಶ್ರೀಶೈಲಕ್ಕೆ ನಡೆದಾಗಿನ ಟಿಪ್ಪಣಿ: “ವೆಂಕಟಾಪುರಂ ಬಿಟ್ಟದ್ದು 4.20. ನಾಗಲೂಟಿ ಮೆಟ್ಟಿಲಲ್ಲಿ ಮೊಣಕಾಲು ಹಿಡೀತು. ಮಲ್ಲಯ್ಯನ ಕಂಬಿ ಹೊತ್ತ ಅಜ್ಜ ಹೆಗಲು ಬದಲಿಸಿದ್ದು ಏಳು ಸಲ. ಭೀಮನಕೊಳ್ಳದ ಮುಂಚೆನೇ ಎರಡೂ ಬಾಟ್ಲಿ ಖಾಲಿ.” ಅಚ್ಚಾದ ಲೇಖನದಲ್ಲಿ ಇದರ ಒಂದು ಸಾಲೂ ಇರಲಿಲ್ಲ, “ಕಣ್ಮನ ತಣಿಸುವ ಕಾನನ” ಇತ್ತು. ಮುಂದಿನ ವರ್ಷ ತಾಯಿಯನ್ನು ಪಾದಯಾತ್ರೆಗೆ ಕಳಿಸುವ ಮಗ ದುಡ್ಡು ಕೊಟ್ಟು ಓದುವುದು ನೋಟ್‌ಬುಕ್ಕಿನ ಸಾಲುಗಳನ್ನು.

ಹಾಗಾಗಿ ನಾವು ಕೊಟ್ಟ ಸಲಹೆ: ದೂರದ ದಾರಿ ಸದ್ಯ ಬೇಡ, ಶ್ರೀಶೈಲದ ದಾರಿಯನ್ನೇ ಇನ್ನೊಮ್ಮೆ ನಡೆಯಿರಿ. ಅದೊಂದೇ ನಡಿಗೆಯಿಂದ ಪತ್ರಿಕೆಗೆ ದೀರ್ಘ ಲೇಖನ, ಇನ್ನೊಂದು ಕೋನದಿಂದ ಇಂಗ್ಲಿಷ್ ಬರಹ, ನೀರು, ತಂಗುದಾಣ ಮತ್ತು ಹಂತದ ದೂರ ಕೊಡುವ 32 ಪುಟದ ಕೈಪಿಡಿ, ಹೊಸಬರಿಗೆ ಪಾದದ ಆರೈಕೆ ಹೇಳಿಕೊಡುವ ಅರ್ಧ ದಿನದ ತರಗತಿ, ಇಷ್ಟೂ ಹುಟ್ಟಬೇಕು. ಯುಗಾದಿಯ ಲೇಖನ ಸಂಪಾದಕರಿಗೆ ಬೇಕಾಗುವುದು ಯುಗಾದಿಗೆ ಮುಂಚೆ. ನಡೆದು ಬಂದ ಮೇಲೆ ಕಳಿಸಿದ್ದು ತಂಗಳು. ಈ ವರ್ಷದ ನಡಿಗೆ ಮುಂದಿನ ವರ್ಷದ ಲೇಖನವೆಂದೇ ಲೆಕ್ಕ ಹಾಕಬೇಕು. ತಿಂಗಳಿಗೆ ಹತ್ತು ದಿನದ ಅನುವಾದದ ಕೆಲಸ ಇರಲಿ. ಬಾಡಿಗೆ ಕಟ್ಟುವುದು ಅದೇ.

ಹಕ್ಕಿನ ವಿಷಯದಲ್ಲಿ ಅವರಿಗೆ ಆಗಲೇ ಪೆಟ್ಟು ಬಿದ್ದಿತ್ತು. “ಎಲ್ಲ ಹಕ್ಕುಗಳೂ, ಶಾಶ್ವತವಾಗಿ” ಎಂಬ ಪತ್ರಕ್ಕೆ ಸಹಿ ಹಾಕಿ, ಸ್ವಂತ ಲೇಖನವನ್ನು ಪುಸ್ತಕಕ್ಕೆ ಸೇರಿಸಲಾಗದೆ ಕುಳಿತಿದ್ದರು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲೇ ಆಗಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ. ಸಹಿಗೆ ಮುಂಚೆ “ಮೊದಲ ಪ್ರಕಟಣೆಯ ಹಕ್ಕು ಮಾತ್ರ” ಎಂದು ಕೇಳಿ ಬರೆಸಿಕೊಳ್ಳಲು ಹೇಳಿದೆವು.

ಬರಹಗಾರರು ಎಣಿಸದ ಇನ್ನೊಂದು ಸಂಗತಿ, ನಡಿಗೆ ಮುಗಿದ ಮೇಲಿನ ಮಂಕು. ದಿನವಿಡೀ ನಡೆದ ದೇಹ ಒಮ್ಮೆಲೆ ನಿಂತಾಗ ಹಲವರಿಗೆ ಎರಡು ಮೂರು ವಾರ ಯಾವುದೂ ಬೇಡವೆನಿಸುತ್ತದೆ. ಆ ವಾರಗಳಿಗೇ ಗಡುವು ಒಪ್ಪಿಕೊಂಡವರು ಸಂಪಾದಕರನ್ನು ಕಳೆದುಕೊಳ್ಳುತ್ತಾರೆ. ದಾರಿಯಲ್ಲಿ ಪ್ರತಿ ಸಂಜೆ ಕಾಲು ತೊಳೆದ ಮೇಲೆ 20 ನಿಮಿಷ ಬರೆಯಿರಿ, ಮೊದಲ ಗಡುವು ನಾಲ್ಕನೇ ವಾರಕ್ಕಿರಲಿ, ಬಂದ ಮೇಲೂ ದಿನಕ್ಕೊಂದು ಗಂಟೆ ನಡೆಯುತ್ತಿರಿ ಎಂದೆವು.

ಗಂಡನನ್ನೂ ಕೂರಿಸಿಕೊಂಡು ಗೆರೆ ಎಳೆದೆವು: ಒಂದು ವರ್ಷದ ಖರ್ಚು ₹4,08,000 ಮುಟ್ಟದೆ ಬೇರೆ ಖಾತೆಯಲ್ಲಿರಬೇಕು, ಸತತ ಆರು ತಿಂಗಳು ಬರಹ ಮತ್ತು ಅನುವಾದದಿಂದ ತಿಂಗಳಿಗೆ ₹17,000 ಬರಬೇಕು. ಎರಡೂ ಆದ ದಿನ ರಾಜೀನಾಮೆ. ಗಂಡ ತಕ್ಷಣ ಒಪ್ಪಿದರು. ಗೆರೆ ಎಲ್ಲಿದೆ ಎಂದು ಗೊತ್ತಿಲ್ಲದ್ದೇ ಅವರ ಭಯವಾಗಿತ್ತು.

ಹತ್ತು ತಿಂಗಳ ಮೇಲಿನ ಭೇಟಿಯ ಹೊತ್ತಿಗೆ ಹಣ ಬೇರೆ ಖಾತೆಯಲ್ಲಿತ್ತು. ಆರರಲ್ಲಿ ಎರಡು ತಿಂಗಳು ₹17,000 ದಾಟಿತ್ತು. ಗಳಿಕೆಯ ಪುಸ್ತಕದಲ್ಲಿ ಹೊಸದೊಂದು ಅಂಕಣ ಕಾಣಿಸಿತು: ‘ದಿನ’. ಅದನ್ನು ಗಂಡ ತುಂಬುತ್ತಿದ್ದರು.